ನದಿ ದಾಟದ ಭೂಗೋಳಜ್ಞ: ಅಬೂ ಝೈದ್ ಅಲ್-ಬಲ್ಖಿ

ನಿಮ್ಮ ಮನೆಯನ್ನೇ ಒಮ್ಮೆ ಗಮನಿಸಿ ನೋಡಿ. ಒಂದೇ ತಾಯಿಯ ಮಕ್ಕಳು, ಒಂದೇ ಊಟ, ಒಂದೇ ಮದ್ರಸ, ಒಂದೇ ಶಾಲೆ. ಆದರೂ ನಾಳೆ ಪರೀಕ್ಷೆ ಎಂದರೆ ಒಬ್ಬ ಹಾಯಾಗಿ ನಿದ್ದೆ ಮಾಡುತ್ತಾನೆ, ಇನ್ನೊಬ್ಬನಿಗೆ ವಾರಕ್ಕೆ ಮುಂಚೆಯೇ ಹೊಟ್ಟೆ ತೊಳಸಲು ಶುರುವಾಗುತ್ತದೆ. ಈ ಎರಡನೆಯವನ ಬಗ್ಗೆ ಮನೆಯ ಹಿರಿಯರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಹೇಳುತ್ತಾರೆ. ಒಂದೋ, ಅವನ ಹುಟ್ಟುಗುಣವೇ ಹಾಗೆ, ತಾಯಿಯ ಕಡೆಯವರೆಲ್ಲ ಅಂಜುಬುರುಕರು, ಏನು ಮಾಡಿದರೂ ಬದಲಾಗುವುದಿಲ್ಲ ಎಂಬುದು. ಇಲ್ಲವೇ ಅವನ ಈಮಾನ್ ದುರ್ಬಲ, ಅಲ್ಲಾಹನ ಮೇಲೆ ಭರವಸೆ ಸಾಲದು ಎಂಬುದು. ಮೊದಲನೆಯ ಮಾತು ಹುಡುಗನ ಆಸೆಯನ್ನು ಕೊಲ್ಲುತ್ತದೆ. ಎರಡನೆಯದು ಅವನ ಮೇಲೆ ಅಪರಾಧ ಹೊರಿಸುತ್ತದೆ. ಎರಡನ್ನೂ ಕೇಳಿಸಿಕೊಂಡು ಬೆಳೆದ ಯುವಕ ಯುವತಿಯರು ನಮ್ಮ ನಡುವೆ ಎಷ್ಟು ಮಂದಿ ಇದ್ದಾರೆ ಎಂಬುದನ್ನು ನೀವೇ ಲೆಕ್ಕ ಹಾಕಿ.

ಹನ್ನೊಂದು ಶತಮಾನಗಳ ಹಿಂದೆ ಈ ವಿಷಯದ ಬಗ್ಗೆ ಕುಳಿತು ಯೋಚಿಸಿ, ಎರಡೂ ಮಾತುಗಳಿಗಿಂತ ಭಿನ್ನವಾದ ದಾರಿ ಹಿಡಿದ ಒಬ್ಬ ವಿದ್ವಾಂಸರ ಜೀವನವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಭೂಗೋಳ ಶಾಸ್ತ್ರದ ಇತಿಹಾಸ ಓದಿದವರಿಗೆ ಅವರ ಹೆಸರು ಚಿರಪರಿಚಿತ. ಆದರೆ ಮನಸ್ಸಿನ ಕುರಿತು ಅವರು ಬರೆದ ಪುಸ್ತಕ ಶತಮಾನಗಳ ಕಾಲ ಕಪಾಟಿನಲ್ಲೇ ಉಳಿದಿತ್ತು.

ಅಬೂ ಝೈದ್ ಅಹ್ಮದ್ ಇಬ್ನ್ ಸಹ್ಲ್ ಅಲ್-ಬಲ್ಖಿ ಹಿಜರಿ 235ರ ಸುಮಾರಿಗೆ, ಅಂದರೆ ಕ್ರಿ.ಶ. 850ರ ಆಸುಪಾಸಿನಲ್ಲಿ, ಬಲ್ಖ್ ಪ್ರಾಂತದ ಶಾಮಿಸ್ತಿಯಾನ್ ಎಂಬ ಹಳ್ಳಿಯಲ್ಲಿ ಜನಿಸಿದರು. ಬಲ್ಖ್ ಇಂದು ಉತ್ತರ ಅಫಘಾನಿಸ್ತಾನದಲ್ಲಿದೆ. ಅಂದು ಅದು ಖುರಾಸಾನಿನ ದೊಡ್ಡ ನಗರಗಳಲ್ಲಿ ಒಂದು. ಮೌಲಾನಾ ಜಲಾಲುದ್ದೀನ್ ರೂಮಿಯವರ ಮನೆತನವೂ ಇದೇ ಊರಿನದ್ದು. ಅಬೂ ಝೈದ್‌ರ ತಂದೆ ಸಿಜಿಸ್ತಾನದಿಂದ ಬಂದು ನೆಲೆಸಿದ್ದ ಒಬ್ಬ ಶಿಕ್ಷಕರು. ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸುವುದು ಅವರ ಕಾಯಕ. ಮಗನ ಮೊದಲ ಗುರುವೂ ಅವರೇ. ಮುಂದೆ ಅಬೂ ಝೈದ್ ಕೂಡ ಕೆಲಕಾಲ ಮಕ್ಕಳಿಗೆ ಪಾಠ ಹೇಳಿದರು. ಆನಂತರ ವಿದ್ಯೆಯೇ ಅವರನ್ನು ಮೇಲಕ್ಕೆ ಒಯ್ದಿತು ಎಂದು ಅವರ ಚರಿತ್ರೆ ಬರೆದ ಯಾಖೂತ್ ಅಲ್-ಹಮವಿ ದಾಖಲಿಸಿದ್ದಾರೆ.

ಯೌವನದಲ್ಲಿ ಅವರಿಗೆ ಜ್ಞಾನದ ಹಸಿವು ಹತ್ತಿತು. ಆಗ ಜ್ಞಾನ ಎಂದರೆ ಇರಾಕ್. ಹಜ್ಜ್ ಯಾತ್ರಿಕರ ತಂಡದೊಂದಿಗೆ ಕಾಲ್ನಡಿಗೆಯಲ್ಲೇ ಹೊರಟುಬಿಟ್ಟರು. ಬಲ್ಖ್‌ನಿಂದ ಬಗ್ದಾದ್‌ಗೆ ನಡೆಯುವುದೆಂದರೆ ಮರುಭೂಮಿ, ಬೆಟ್ಟ, ದರೋಡೆಕೋರರು ಎಲ್ಲವನ್ನೂ ದಾಟಬೇಕು. ಇದನ್ನು ನೀವು ನೆನಪಿನಲ್ಲಿಡಬೇಕು. ಏಕೆಂದರೆ ಮುಂದೆ ಇದೇ ವ್ಯಕ್ತಿಯ ಭಯದ ಬಗ್ಗೆ ಓದುವಿರಿ.

ಇರಾಕಿನಲ್ಲಿ ಅವರು ಸುಮಾರು ಎಂಟು ವರ್ಷ ಕಳೆದರು. ಪ್ರಸಿದ್ಧ ತತ್ವಜ್ಞಾನಿ ಅಲ್-ಕಿಂದಿಯವರ ಬಳಿ ತತ್ವಶಾಸ್ತ್ರ, ಖಗೋಳ ಶಾಸ್ತ್ರ, ವೈದ್ಯ ಶಾಸ್ತ್ರಗಳನ್ನು ಅಭ್ಯಾಸ ಮಾಡಿದರು. ಧರ್ಮಶಾಸ್ತ್ರದಲ್ಲೂ ಆಳವಾಗಿ ಇಳಿದರು. ಆ ಕಾಲದಲ್ಲಿ ತತ್ವಶಾಸ್ತ್ರ ಓದಿದವರಲ್ಲಿ ಅನೇಕರು ದೀನ್‌ನಿಂದ ದೂರ ಸರಿದಂತೆ ಕಾಣುತ್ತಿದ್ದರು, ದೀನ್ ಓದಿದವರಲ್ಲಿ ಅನೇಕರು ತತ್ವಶಾಸ್ತ್ರವನ್ನು ಕಂಡರೆ ಉರಿದುಬೀಳುತ್ತಿದ್ದರು. ಅಬೂ ಝೈದ್ ಎರಡನ್ನೂ ಕೈಬಿಡಲಿಲ್ಲ. ಇದರಿಂದಾಗಿ ಅವರ ಮೇಲೆ ಸಂಶಯದ ಮಾತುಗಳೂ ಬಂದವು. ಆದರೆ ಕುರ್‌ಆನಿನ ರಚನಾ ಸೌಂದರ್ಯದ ಕುರಿತು ಅವರು ಬರೆದ ಕೃತಿಯನ್ನು ಓದಿದ ವಿದ್ವಾಂಸರು ಅವರನ್ನು ಹೊಗಳಿದ್ದಾರೆ.

ಹೆರಾತ್ ಮಾರ್ಗವಾಗಿ ಊರಿಗೆ ಮರಳಿದ ಮೇಲೆ ಅವರ ಕೀರ್ತಿ ಹಬ್ಬಿತು. ಬಲ್ಖ್‌ನ ಆಡಳಿತಗಾರನಾಗಿ ಬಂದವನ ಹೆಸರು ಅಹ್ಮದ್ ಇಬ್ನ್ ಸಹ್ಲ್ ಇಬ್ನ್ ಹಾಶಿಮ್ ಅಲ್-ಮರ್ವಝಿ. ಹೆಸರು ಒಂದೇ ರೀತಿ ಇದೆಯೆಂದು ಗೊಂದಲ ಮಾಡಿಕೊಳ್ಳಬೇಡಿ, ಇವನು ಬೇರೆ. ಇವನು ಅಬೂ ಝೈದ್‌ರಿಗೆ ವಝೀರ್ ಹುದ್ದೆಯನ್ನೇ ಕೊಡಲು ಮುಂದಾದ. ಅವರು ಒಪ್ಪಲಿಲ್ಲ. ಕೊನೆಗೆ ಅವರ ಗೆಳೆಯ, ಪ್ರಸಿದ್ಧ ಮುಅ್‌ತಝಿಲ ವಿದ್ವಾಂಸ ಅಬುಲ್ ಖಾಸಿಮ್ ಅಲ್-ಬಲ್ಖಿ ವಝೀರರಾದರು, ಅಬೂ ಝೈದ್ ಕಾತಿಬ್ ಅಂದರೆ ಬರಹಗಾರ ಅಧಿಕಾರಿಯಾಗಿ ಉಳಿದರು. ಇವರಿಬ್ಬರ ಸಂಬಳದ ಕತೆ ಓದಲು ಸೊಗಸಾಗಿದೆ. ವಝೀರರಿಗೆ ತಿಂಗಳಿಗೆ 1,000 ದಿರ್ಹಮ್, ಅಬೂ ಝೈದ್‌ರಿಗೆ 500 ಎಂದು ನಿಗದಿಯಾಗಿತ್ತು. ಅಬುಲ್ ಖಾಸಿಮ್ ಖಜಾಂಚಿಗೆ ಹೇಳಿ ತನ್ನ ಪಾಲಿನಿಂದ 100 ತೆಗೆದು ಗೆಳೆಯನಿಗೆ ಸೇರಿಸಿದರು. ಹೀಗೆ ಒಬ್ಬರಿಗೆ 900, ಇನ್ನೊಬ್ಬರಿಗೆ 600 ಆಯಿತು. ಅಷ್ಟೇ ಅಲ್ಲ, ಸವೆದ, ಮುರಿದ ನಾಣ್ಯಗಳನ್ನು ತನಗೆ ಕೊಟ್ಟು ಒಳ್ಳೆಯ ನಾಣ್ಯಗಳನ್ನು ಅಬೂ ಝೈದ್‌ರಿಗೆ ಕೊಡಬೇಕೆಂದು ಸೂಚಿಸಿದರಂತೆ. ಇಂದು ಒಂದೇ ಕಚೇರಿಯಲ್ಲಿ ಕುಳಿತ ಇಬ್ಬರು ವಿದ್ಯಾವಂತರ ನಡುವೆ ಇಂಥದ್ದನ್ನು ಹುಡುಕಿದರೂ ಸಿಗುವುದು ಕಷ್ಟ.

ಅವರು ನೋಡಲು ಹೇಗಿದ್ದರು? ಮಧ್ಯಮ ಎತ್ತರ, ಉಬ್ಬಿದ ಕಣ್ಣುಗಳು, ಮುಖದ ತುಂಬ ಸಿಡುಬಿನ ಕಲೆಗಳು. ಮಾತು ಬಹಳ ಕಡಿಮೆ. ಸದಾ ಏನನ್ನೋ ಯೋಚಿಸುತ್ತಿರುವಂತೆ ಕಾಣುತ್ತಿದ್ದರು. ಸಭೆಗಳಲ್ಲಿ ಮುನ್ನುಗ್ಗುವ ಗುಣ ಅವರದ್ದಲ್ಲ. ಆದರೆ ಲೇಖನಿ ಹಿಡಿದರೆ ಬೇರೆಯೇ ವ್ಯಕ್ತಿ. ಸುಮಾರು 60 ಕೃತಿಗಳನ್ನು ಬರೆದರು. ಅವರ ಗದ್ಯದ ಸೊಬಗಿಗಾಗಿ ಜನರು ಅವರನ್ನು ಖುರಾಸಾನಿನ ಜಾಹಿಝ್ ಎಂದು ಕರೆದರು.

ಇನ್ನು ನದಿಯ ಪ್ರಸಂಗ. ಖುರಾಸಾನಿನ ಸಾಮಾನಿ ಅಮೀರನು ಅವರನ್ನು ರಾಜಧಾನಿ ಬುಖಾರಾಕ್ಕೆ ಆಹ್ವಾನಿಸಿದ. ವಿದ್ವಾಂಸನೊಬ್ಬನ ಪಾಲಿಗೆ ಇದಕ್ಕಿಂತ ದೊಡ್ಡ ಅವಕಾಶ ಬೇರೆ ಇರಲಿಲ್ಲ. ಅಬೂ ಝೈದ್ ಹೊರಟರು. ದಾರಿಯಲ್ಲಿ ಜೈಹೂನ್ ನದಿ, ಇಂದಿನ ಆಮು ದರಿಯಾ. ದಡಕ್ಕೆ ಬಂದು ನೋಡಿದರೆ ನೀರು ಉಕ್ಕಿ ಹರಿಯುತ್ತಿದೆ, ಅಲೆಗಳು ಅಬ್ಬರಿಸುತ್ತಿವೆ. ಅವರು ದೋಣಿ ಹತ್ತಲಿಲ್ಲ. ಅಲ್ಲಿಂದಲೇ ಅಮೀರನಿಗೆ ಪತ್ರ ಬರೆದರು. ತನ್ನ ವಿವೇಕವನ್ನು ಮೆಚ್ಚಿ ಅಮೀರರು ಕರೆಸಿಕೊಳ್ಳುತ್ತಿದ್ದಾರಾದರೆ ಆ ವಿವೇಕವೇ ಈ ನದಿಯನ್ನು ದಾಟಬೇಡವೆಂದು ಹೇಳುತ್ತಿದೆ ಎಂಬುದು ಪತ್ರದ ಸಾರಾಂಶ. ಅಮೀರನು ಓದಿ ಬೆರಗಾಗಿ, ಮರಳಿ ಹೋಗಲು ಅನುಮತಿ ನೀಡಿದನು.

ಕೆಲವರು ಈ ಪ್ರಸಂಗವನ್ನು ಕೇವಲ ಚಮತ್ಕಾರದ ಮಾತಾಗಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮರುಭೂಮಿಯನ್ನು ಕಾಲ್ನಡಿಗೆಯಲ್ಲಿ ದಾಟಿದ ವ್ಯಕ್ತಿಗೆ ನೀರನ್ನು ಕಂಡರೆ ಎದೆ ನಡುಗಿದ್ದಿರಬಹುದು. ಇನ್ನೂ ಒಂದು ವಿಚಿತ್ರ ಗಮನಿಸಿ. ಇಸ್ಲಾಮೀ ಜಗತ್ತಿನ ಪ್ರದೇಶಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ಮೂಡಿಸಿ, ನಕ್ಷೆಗೆ ವಿವರಣೆ ಬರೆದವರು ಇದೇ ಅಬೂ ಝೈದ್. ಅವರು ಹಾಕಿಕೊಟ್ಟ ಹಾದಿಯಲ್ಲಿ ಅಲ್-ಇಸ್ತಖ್‌ರಿ, ಇಬ್ನ್ ಹೌಖಲ್ ಮುಂತಾದವರು ನಡೆದರು. ಭೂಗೋಳ ಶಾಸ್ತ್ರದಲ್ಲಿ ಇದಕ್ಕೆ ಬಲ್ಖಿ ಪಂಥ ಎಂದೇ ಹೆಸರು. ನದಿಗಳನ್ನೆಲ್ಲ ಕಾಗದದ ಮೇಲೆ ಹರಿಸಿದವರು ತಮ್ಮ ಊರಿನ ಆಚೆಯ ನದಿಯನ್ನು ದಾಟಲಿಲ್ಲ.

ಹಾಗೆಂದು ಅವರು ಪುಕ್ಕಲರೂ ಅಲ್ಲ. ಇಬ್ಬರು ಪ್ರಬಲ ವ್ಯಕ್ತಿಗಳು ಅವರಿಗೆ ಧನಸಹಾಯ ನೀಡುತ್ತಿದ್ದರು. ಕುರ್‌ಆನಿನ ವ್ಯಾಖ್ಯಾನದ ವಿಧಾನಗಳ ಕುರಿತು ಅವರು ಒಂದು ಪುಸ್ತಕ ಬರೆದಾಗ ಒಬ್ಬನ ಸಹಾಯ ನಿಂತಿತು. ಬಲಿದಾನಗಳ ಕುರಿತು ಬರೆದಾಗ ಇನ್ನೊಬ್ಬನದ್ದೂ ನಿಂತಿತು. ಸರಿ ಎಂದು ತೋರಿದ್ದನ್ನು ಬರೆಯುವಾಗ ಅವರು ದಾನಿಗಳ ಮುಖ ನೋಡಲಿಲ್ಲ. ಒಬ್ಬನೇ ಮನುಷ್ಯನಲ್ಲಿ ಭಯವೂ ಧೈರ್ಯವೂ ಬೇರೆ ಬೇರೆ ಬಾಗಿಲುಗಳಲ್ಲಿ ವಾಸಿಸುತ್ತವೆ.

ಇಂಥ ವ್ಯಕ್ತಿ ಬರೆದ ಪುಸ್ತಕವೇ 'ಮಸಾಲಿಹುಲ್ ಅಬ್‌ದಾನ್ ವಲ್ ಅನ್‌ಫುಸ್', ಅಂದರೆ ದೇಹಗಳ ಮತ್ತು ಮನಸ್ಸುಗಳ ಹಿತ. ಎರಡು ಭಾಗಗಳು. ಮೊದಲನೆಯದು ದೇಹಾರೋಗ್ಯದ್ದು: ಗಾಳಿ, ನೀರು, ಆಹಾರ, ನಿದ್ರೆ, ಸ್ನಾನ, ವ್ಯಾಯಾಮ ಇತ್ಯಾದಿ. ಎರಡನೆಯದು ಎಂಟು ಅಧ್ಯಾಯಗಳ ಚಿಕ್ಕ ಭಾಗ, ಪೂರ್ತಿಯಾಗಿ ಮನಸ್ಸಿನದ್ದು. ತಮ್ಮ ಕಾಲದ ವೈದ್ಯರು ದೇಹದ ರೋಗಗಳ ಕುರಿತು ಮಾತ್ರ ಬರೆಯುತ್ತಾರೆ, ಮನಸ್ಸಿನ ಬಾಧೆಗಳನ್ನು ಮುಟ್ಟುವುದೇ ಇಲ್ಲ ಎಂಬ ಅಸಮಾಧಾನ ಅದರಲ್ಲಿದೆ. ದೇಹಕ್ಕೆ ದೊಡ್ಡ ಕಾಯಿಲೆ ಬಾರದೆಯೇ ಒಬ್ಬನು ಇಡೀ ಆಯುಷ್ಯ ಕಳೆಯಬಹುದು. ಆದರೆ ದುಃಖ, ಭಯ, ಸಿಟ್ಟುಗಳು ಮುಟ್ಟದ ಮನುಷ್ಯನಿಲ್ಲ, ಅವು ದಿನವೂ ಬರುವ ಅತಿಥಿಗಳು ಎಂಬುದು ಅವರ ವಾದ. ದೇಹ ಕೆಟ್ಟರೆ ಮನಸ್ಸು ಕೆಡುತ್ತದೆ, ಮನಸ್ಸು ಕೆಟ್ಟರೆ ದೇಹವೂ ಸುಖ ಕಾಣದು ಎಂದು ಅವರು ಸ್ಪಷ್ಟವಾಗಿ ಬರೆದರು.

ಮನಸ್ಸಿನ ಬಾಧೆಗಳಲ್ಲಿ ನಾಲ್ಕಕ್ಕೆ ಅವರು ಒಂದೊಂದು ಅಧ್ಯಾಯ ಮೀಸಲಿಟ್ಟರು: ಕೋಪ, ಭಯ, ದುಃಖ ಮತ್ತು ವಸ್‌ವಾಸ್. ಈ ನಾಲ್ಕನ್ನು ಇಲ್ಲಿಯೇ ಹಿಡಿದಿಟ್ಟುಕೊಳ್ಳಿ. ಇಂದಿನ ಮನಶ್ಶಾಸ್ತ್ರಜ್ಞರು ನ್ಯೂರಾಟಿಸಿಸಂ ಎಂಬ ಒಂದು ಗುಣವನ್ನು ಅಳೆಯುತ್ತಾರೆ. ಬೇಗ ಕಳವಳಗೊಳ್ಳುವುದು, ಬೇಗ ಸಿಟ್ಟಿಗೇಳುವುದು, ಬೇಗ ಕುಗ್ಗಿಹೋಗುವುದು, ಒಂದೇ ಚಿಂತೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವುದು, ಇವೆಲ್ಲ ಒಂದೇ ವ್ಯಕ್ತಿಯಲ್ಲಿ ಒಟ್ಟೊಟ್ಟಿಗೆ ಕಾಣಿಸಿಕೊಳ್ಳುವ ಪ್ರವೃತ್ತಿಗೆ ಆ ಹೆಸರು. ಅದು ರೋಗವಲ್ಲ. ಎತ್ತರ, ತೂಕಗಳಂತೆ ಎಲ್ಲರಲ್ಲೂ ಇರುವಂಥದ್ದು, ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ಆದರೆ ಹೆಚ್ಚಿರುವವರಿಗೆ ಖಿನ್ನತೆ, ಆತಂಕದ ಕಾಯಿಲೆಗಳು ಬರುವ ಸಾಧ್ಯತೆ ಹೆಚ್ಚು.

ಅಬೂ ಝೈದ್ ಈ ಹೆಚ್ಚು ಕಡಿಮೆಗಳನ್ನು ಚೆನ್ನಾಗಿ ಕಂಡಿದ್ದರು. ದೇಹಗಳು ಹುಟ್ಟಿನಿಂದಲೇ ಬಲದಲ್ಲಿ ಭಿನ್ನವಾಗಿರುವಂತೆ ಮನಸ್ಸುಗಳೂ ಭಿನ್ನ. ಒಬ್ಬನು ಬೆಂಕಿಯಂತೆ ಥಟ್ಟನೆ ಹೊತ್ತಿಕೊಳ್ಳುತ್ತಾನೆ, ಇನ್ನೊಬ್ಬನಿಗೆ ಏನು ಮಾಡಿದರೂ ಸಿಟ್ಟು ಬಾರದು. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಮನಸ್ಸಿನ ತಾಕತ್ತು ಎಷ್ಟು ಎಂಬುದನ್ನು ಅರಿತುಕೊಂಡು, ಅದಕ್ಕೆ ಮೀರಿದ ಹೊರೆಯನ್ನು ಹೊರದಿರಬೇಕು ಎಂದು ಅವರು ಸಲಹೆ ಕೊಟ್ಟರು. ವಝೀರ್ ಹುದ್ದೆಯನ್ನು ನಿರಾಕರಿಸಿದವರು ಬರೆದ ಮಾತಿದು. ಅವರು ಯಾರಿಗೋ ಉಪದೇಶ ಮಾಡುತ್ತಿರಲಿಲ್ಲ, ತಮ್ಮ ಬಾಳನ್ನೇ ಹಾಗೆ ನಡೆಸಿದ್ದರು. ಅವರನ್ನು ಕರೆದ ಆ ಆಡಳಿತಗಾರ ಅಹ್ಮದ್ ಇಬ್ನ್ ಸಹ್ಲ್ ಮುಂದೆ ಸಾಮಾನಿಗಳ ವಿರುದ್ಧ ಬಂಡೆದ್ದು, ಸೋತು, ಕ್ರಿ.ಶ. 920ರಲ್ಲಿ ಬುಖಾರಾದ ಸೆರೆಮನೆಯಲ್ಲಿ ಸತ್ತ.

ದುಃಖದ ಅಧ್ಯಾಯದಲ್ಲಿ ಇನ್ನೂ ಸೂಕ್ಷ್ಮವಾದ ಒಂದು ವಿಂಗಡಣೆಯಿದೆ. ಪ್ರೀತಿಪಾತ್ರರ ಮರಣ, ಆಸ್ತಿ ನಷ್ಟ ಮುಂತಾದ ಕಾರಣವಿರುವ ದುಃಖ ಒಂದು. ಏನೂ ನಡೆಯದಿದ್ದರೂ ಎದೆಯ ಮೇಲೆ ಬಂದು ಕೂರುವ, ಕಾರಣ ಕೇಳಿದರೆ ಹೇಳಲಾಗದ ದುಃಖ ಇನ್ನೊಂದು. ಈ ಎರಡನೆಯದು ದೇಹದೊಳಗಿನಿಂದ, ರಕ್ತದ ದೋಷದಿಂದ ಬರುತ್ತದೆ, ಆದ್ದರಿಂದ ಅದಕ್ಕೆ ದೇಹದ ಚಿಕಿತ್ಸೆಯೂ ಬೇಕು ಎಂದು ಅವರು ನಂಬಿದ್ದರು. ರಕ್ತ, ಪಿತ್ತಗಳ ಆ ಸಿದ್ಧಾಂತ ಗ್ರೀಕರಿಂದ ಬಂದದ್ದು, ಅದನ್ನು ಆಧುನಿಕ ವೈದ್ಯ ವಿಜ್ಞಾನ ಒಪ್ಪುವುದಿಲ್ಲ. ಅಬೂ ಝೈದ್‌ರಿಗೆ ವಂಶವಾಹಿಯ ಕಲ್ಪನೆಯೇ ಇರಲಿಲ್ಲ. ಎಲ್ಲವನ್ನೂ ನಮ್ಮವರೇ ಮೊದಲು ಕಂಡುಹಿಡಿದರು ಎಂದು ಬರೆಯುವ ಲೇಖನಗಳು ನಮ್ಮ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿವೆ, ಅದರಿಂದ ನಮ್ಮ ವಿದ್ಯಾರ್ಥಿಗಳಿಗೆ ಲಾಭವಾಗಿಲ್ಲ. ಅವರು ಕಂಡದ್ದು ಇಷ್ಟು: ಕಾರಣವಿಲ್ಲದೆ ಕುಗ್ಗಿದವನನ್ನು ಬೈದು ಪ್ರಯೋಜನವಿಲ್ಲ, ಅವನ ದೇಹದಲ್ಲೇ ಅದಕ್ಕೆ ಬೇರು ಇರಬಹುದು. ಇದು ಸಣ್ಣ ಮಾತಲ್ಲ.

ಹುಟ್ಟುಗುಣ ಎಂಬ ವಿಚಾರವೇ ಇಸ್ಲಾಮಿಗೆ ಅಪರಿಚಿತವೆಂದು ಯಾರಾದರೂ ಭಾವಿಸಿದ್ದರೆ ಅಬೂ ದಾವೂದ್‌ರ ಸಂಗ್ರಹದಲ್ಲಿರುವ ಒಂದು ಹದೀಸ್‌ನತ್ತ ಗಮನ ಹರಿಸಿ. ಅಬ್ದುಲ್ ಖೈಸ್ ಗೋತ್ರದ ನಿಯೋಗವೊಂದು ಮದೀನಾಕ್ಕೆ ಬಂದಿತ್ತು. ಉಳಿದವರು ಒಂಟೆಗಳಿಂದ ಇಳಿದವರೇ ಆತುರದಿಂದ ಪ್ರವಾದಿ(ಸ)ಯವರ ಬಳಿಗೆ ಓಡಿದರು. ಅವರ ನಾಯಕ ಅಶಜ್ಜ್ ಮಾತ್ರ ಸಾವಧಾನವಾಗಿ ಬಟ್ಟೆ ಬದಲಿಸಿಕೊಂಡು ಬಂದರು. ಸಹನೆ ಮತ್ತು ಸಾವಧಾನ ಎಂಬ ಎರಡು ಗುಣಗಳು ಅವರಲ್ಲಿವೆ, ಅವು ಅಲ್ಲಾಹನಿಗೆ ಪ್ರಿಯ ಎಂದು ಪ್ರವಾದಿ(ಸ)ಯವರು ತಿಳಿಸಿದರು. ಇವು ತಾನು ರೂಢಿಸಿಕೊಂಡದ್ದೋ, ಅಲ್ಲಾಹನು ತನ್ನನ್ನು ಹಾಗೆಯೇ ಸೃಷ್ಟಿಸಿದ್ದೋ ಎಂದು ಅಶಜ್ಜ್ ಕೇಳಿದರು. ಅಲ್ಲಾಹನೇ ಹಾಗೆ ಸೃಷ್ಟಿಸಿದ್ದಾನೆ ಎಂಬ ಉತ್ತರ ಬಂತು. ಇನ್ನೊಂದು ಕಡೆ, ಚಿಂತೆ ಮತ್ತು ದುಃಖದಿಂದ ಪ್ರವಾದಿ(ಸ)ಯವರೇ ಅಲ್ಲಾಹನ ಅಭಯ ಯಾಚಿಸುತ್ತಿದ್ದ ದುಆ ನಮ್ಮೆಲ್ಲರಿಗೂ ಬಾಯಿಪಾಠವಾಗಿದೆ. ಅಬೂಬಕರ್(ರ) ಮೃದು ಹೃದಯಿ, ಉಮರ್(ರ) ಕಠಿಣ ಸ್ವಭಾವದವರು. ಒಂದೇ ಈಮಾನ್, ಎರಡು ಪ್ರಕೃತಿಗಳು. ಚಿಂತೆ ಬಂದವನ ಈಮಾನನ್ನು ತೂಗಿನೋಡುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಈಗ ಆಧುನಿಕ ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ನೋಡೋಣ. ವಿದ್ಯಾರ್ಥಿ ಮಿತ್ರರು ಈ ಭಾಗವನ್ನು ನಿಧಾನವಾಗಿ ಓದಬೇಕು.

ಅವಳಿ ಮಕ್ಕಳಲ್ಲಿ ಎರಡು ವಿಧ. ಒಂದೇ ಭ್ರೂಣ ಎರಡಾಗಿ ಹುಟ್ಟಿದ ತದ್ರೂಪಿ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಇನ್ನೊಂದು ವಿಧದವರಲ್ಲಿ ಸಾಮಾನ್ಯ ಅಣ್ಣ ತಮ್ಮಂದಿರಷ್ಟೇ ಹೋಲಿಕೆ. ಒಂದು ಗುಣದಲ್ಲಿ ತದ್ರೂಪಿಗಳು ಇತರ ಅವಳಿಗಳಿಗಿಂತ ಹೆಚ್ಚು ಹೋಲುತ್ತಿದ್ದರೆ ಅದರಲ್ಲಿ ವಂಶವಾಹಿಯ ಪಾತ್ರವಿದೆ ಎಂದು ಊಹಿಸಬಹುದು. 1951ರಲ್ಲಿ ಲಂಡನ್ನಿನ ಹ್ಯಾನ್ಸ್ ಐಸೆಂಕ್ ಮತ್ತು ಪ್ರೆಲ್ ಎಂಬವರು ನ್ಯೂರಾಟಿಸಿಸಂ ಕುರಿತು ಇಂಥ ಅಧ್ಯಯನ ಪ್ರಕಟಿಸಿದರು. ಬಳಿಕ ಅನೇಕ ದೇಶಗಳಲ್ಲಿ ಸಾವಿರಾರು ಅವಳಿಗಳನ್ನು ಪರೀಕ್ಷಿಸಲಾಯಿತು. ಜನರ ನಡುವಿನ ಈ ಗುಣದ ವ್ಯತ್ಯಾಸದಲ್ಲಿ ಸುಮಾರು 40 ಶೇಕಡಾ ಭಾಗಕ್ಕೆ ವಂಶವಾಹಿಗಳ ವ್ಯತ್ಯಾಸ ಕಾರಣ ಎಂಬ ಅಂದಾಜು ನಿಂತಿದೆ. ಹಾಗಾದರೆ ಹಿರಿಯರ ಮೊದಲ ಮಾತಿನಲ್ಲಿ, ತಾಯಿಯ ಕಡೆಯವರೆಲ್ಲ ಹಾಗೆಯೇ ಎಂಬುದರಲ್ಲಿ, ಸ್ವಲ್ಪ ಸತ್ಯವಿದೆ.

ಯಾವ ವಂಶವಾಹಿ ಎಂಬ ಹುಡುಕಾಟ ಆನಂತರದ್ದು. 1996ರಲ್ಲಿ ಮೆದುಳಿನ ಸಿರೊಟೋನಿನ್ ಎಂಬ ರಾಸಾಯನಿಕಕ್ಕೆ ಸಂಬಂಧಿಸಿದ ಒಂದು ವಂಶವಾಹಿಯ ಗಿಡ್ಡ ರೂಪವಿದ್ದವರಲ್ಲಿ ಆತಂಕ ಹೆಚ್ಚು ಎಂಬ ಸಂಶೋಧನೆ ಬಂತು. 505 ಜನರನ್ನು ಪರೀಕ್ಷಿಸಲಾಗಿತ್ತು. ಕಳವಳದ ವಂಶವಾಹಿ ಸಿಕ್ಕಿಯೇ ಬಿಟ್ಟಿತು ಎಂಬ ಉತ್ಸಾಹ ಹುಟ್ಟಿತು. ವಾಸ್ತವದಲ್ಲಿ ಆ ಸಂಶೋಧಕರೇ ಅದರ ಪಾಲು ಕೇವಲ 3ರಿಂದ 4 ಶೇಕಡಾ ಎಂದಿದ್ದರು. ಕಷ್ಟಗಳು ಎದುರಾದಾಗ ಈ ರೂಪವಿದ್ದವರು ಬೇಗ ಖಿನ್ನರಾಗುತ್ತಾರೆ ಎಂಬ ಇನ್ನೊಂದು ಪ್ರಸಿದ್ಧ ವರದಿ 2003ರಲ್ಲಿ ಬಂತು. 2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅದು ದೃಢಪಡಲಿಲ್ಲ. 2019ರಲ್ಲಿ ಲಕ್ಷಾಂತರ ಜನರ ಮಾಹಿತಿಯನ್ನು ಪರಿಶೀಲಿಸಿದ ಮೇಲೆ, ಖಿನ್ನತೆಗೆ ಕಾರಣವೆಂದು ಹೆಸರಾಗಿದ್ದ ಇಂಥ ವಂಶವಾಹಿಗಳು ಉಳಿದ ಯಾವುದೇ ವಂಶವಾಹಿಗಿಂತ ಹೆಚ್ಚು ಮುಖ್ಯವಲ್ಲ ಎಂದು ಕಂಡುಬಂತು. ಎರಡು ದಶಕಗಳ ಕಾಲ ನೂರಾರು ಪ್ರಬಂಧಗಳನ್ನು ಹೊತ್ತಿದ್ದ ಕಟ್ಟಡ ಕುಸಿಯಿತು. ವಿಜ್ಞಾನ ತನ್ನ ಮನೆಯನ್ನು ತಾನೇ ಗುಡಿಸಿಕೊಂಡ ಈ ಘಟನೆಯನ್ನು ನಮ್ಮ ಬಿ.ಎಸ್ಸಿ. ವಿದ್ಯಾರ್ಥಿಗಳು ಪಾಠದಷ್ಟೇ ಗಮನವಿಟ್ಟು ಓದಬೇಕೆಂದು ನನ್ನ ಅಭಿಪ್ರಾಯ.

2018ರಲ್ಲಿ 4,49,484 ಜನರ ವಂಶವಾಹಿಗಳನ್ನು ಶೋಧಿಸಿದ ಬೃಹತ್ ಅಧ್ಯಯನವೊಂದು ಬಂತು. ನ್ಯೂರಾಟಿಸಿಸಂ ಜೊತೆ ಸಂಬಂಧವಿರುವ 136 ತಾಣಗಳು ಅದರಲ್ಲಿ ಕಂಡುಬಂದವು. ಪ್ರತಿಯೊಂದರ ಪ್ರಭಾವ ಸಾಸಿವೆ ಕಾಳಿಗಿಂತಲೂ ಚಿಕ್ಕದು. ಇಂಥ ಅಧ್ಯಯನಗಳಲ್ಲಿ ಅಳೆದ ಸಾಮಾನ್ಯ ವಂಶವಾಹಿ ವ್ಯತ್ಯಾಸಗಳನ್ನೆಲ್ಲ ಕೂಡಿಸಿದರೂ ಜನರ ನಡುವಿನ ಅಂತರದ ಸುಮಾರು 10 ಶೇಕಡಾ ಮಾತ್ರ ವಿವರಣೆಗೆ ಸಿಗುತ್ತದೆ. ಪರೀಕ್ಷೆಗೊಳಗಾದವರಲ್ಲಿ ಬಹುಪಾಲು ಯುರೋಪ್ ಮೂಲದವರು ಎಂಬುದನ್ನೂ ಮರೆಯಬಾರದು. ಆದ್ದರಿಂದ ರಕ್ತ ಪರೀಕ್ಷೆ ಮಾಡಿ ನಿಮ್ಮ ಮಗ ಅಂಜುಬುರುಕನಾಗುತ್ತಾನೋ ಇಲ್ಲವೋ ಹೇಳುತ್ತೇವೆ ಎಂದು ಯಾರಾದರೂ ಬಂದರೆ ದುಡ್ಡು ಕೊಡಬೇಡಿ.

ಆ 40 ಶೇಕಡಾ ಎಂಬ ಅಂಕೆಯ ಅರ್ಥದಲ್ಲೇ ಹೆಚ್ಚಿನವರು ಎಡವುತ್ತಾರೆ. ನಿಮ್ಮ ಭಯದ ನೂರು ಪಾಲಿನಲ್ಲಿ 40 ತಂದೆ ತಾಯಿಯಿಂದ, 60 ಊರು ಶಾಲೆಯಿಂದ ಬಂತು ಎಂಬ ಅರ್ಥ ಅದಕ್ಕಿಲ್ಲ. ಅದು ಒಬ್ಬ ವ್ಯಕ್ತಿಯ ಲೆಕ್ಕವೇ ಅಲ್ಲ, ಒಂದು ಗುಂಪಿನ ಜನರ ನಡುವಿನ ವ್ಯತ್ಯಾಸದ ಲೆಕ್ಕ. ಒಂದು ಊರಿನ ಎಲ್ಲ ಮಕ್ಕಳಿಗೂ ಸಮಾನ ಮನೆ, ಸಮಾನ ಊಟ, ಸಮಾನ ಪ್ರೀತಿ ಸಿಕ್ಕಿತು ಎಂದಿಟ್ಟುಕೊಳ್ಳಿ. ಉಳಿಯುವ ವ್ಯತ್ಯಾಸವೆಲ್ಲ ವಂಶವಾಹಿಯದ್ದೇ ಆಗಿ ಅಂಕೆ ಏರುತ್ತದೆ. ಕೆಲವು ಮಕ್ಕಳು ಗಲಭೆ, ಹಸಿವು, ಅನಾಥತ್ವಗಳ ನಡುವೆ ಬೆಳೆದು ಕೆಲವರು ನೆಮ್ಮದಿಯಲ್ಲಿ ಬೆಳೆದರೆ ಅದೇ ಅಂಕೆ ಇಳಿಯುತ್ತದೆ. ತದ್ರೂಪಿ ಅವಳಿಗಳ ವಂಶವಾಹಿ ಒಂದೇ ಆಗಿದ್ದರೂ ಅವರಲ್ಲಿ ಒಬ್ಬನು ಚಿಂತೆಗಾರ, ಇನ್ನೊಬ್ಬನು ನಿರಾಳ ಆಗಿರುವುದುಂಟು. ಅಂಥ ವ್ಯತ್ಯಾಸವನ್ನು ಜೀವನವೇ ಮಾಡಿದೆ.

ಹುಟ್ಟಿನಿಂದ ಬಂದದ್ದು ಬದಲಾಗದು ಎಂಬುದೂ ಸರಿಯಲ್ಲ. ವಯಸ್ಸಾದಂತೆ ಸರಾಸರಿ ಮನುಷ್ಯನಲ್ಲಿ ಈ ಗುಣ ತಗ್ಗುತ್ತಾ ಹೋಗುತ್ತದೆ. ಚಿಕಿತ್ಸೆಯಿಂದ ಸ್ವಭಾವ ಬದಲಾಗುತ್ತದೆಯೇ ಎಂಬ ಪ್ರಶ್ನೆಗೆ 207 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಉತ್ತರ ಹುಡುಕಲಾಯಿತು. ಸರಾಸರಿ 24 ವಾರಗಳ ಚಿಕಿತ್ಸೆಯಲ್ಲಿ ಗಮನಾರ್ಹ ಬದಲಾವಣೆ ಕಂಡುಬಂತು, ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಈ ಕಳವಳದ ಗುಣವೇ.

ಇಲ್ಲಿಗೆ ಬಂದಾಗ ಅಬೂ ಝೈದ್‌ರ ಪುಸ್ತಕವನ್ನು ಮತ್ತೆ ತೆರೆಯಬೇಕೆನಿಸುತ್ತದೆ. ಸ್ವಭಾವ ಹುಟ್ಟಿನಿಂದ ಬಂದದ್ದೆಂದು ಬರೆದವರು ಅಷ್ಟಕ್ಕೇ ಪುಸ್ತಕ ಮುಚ್ಚಲಿಲ್ಲ. ಅದರ ಹೆಚ್ಚಿನ ಪುಟಗಳು ಏನು ಮಾಡಬೇಕೆಂಬುದರ ಕುರಿತೇ ಇವೆ. ದೇಹದ ತುರ್ತು ಕಾಯಿಲೆಗೆ ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವ ಹಾಗೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಸಿದ್ಧಪಡಿಸಿ ಇಟ್ಟುಕೊಳ್ಳಬೇಕು. ಸಿಟ್ಟೋ ಭಯವೋ ಬಂದಾಗ ಹೊಸದಾಗಿ ಯೋಚಿಸಲು ಆಗುವುದಿಲ್ಲ, ಮೊದಲೇ ಇಟ್ಟುಕೊಂಡದ್ದನ್ನು ಹೊರತೆಗೆಯಬಹುದು. ಭಯಪಡುವ ವಸ್ತುವಿನಿಂದ ಓಡುತ್ತಲೇ ಇದ್ದರೆ ಭಯ ಬೆಳೆಯುತ್ತದೆ, ಸ್ವಲ್ಪ ಸ್ವಲ್ಪವಾಗಿ ಅದನ್ನು ಎದುರಿಸಿ ಒಗ್ಗಿಕೊಳ್ಳಬೇಕು. ಇದಕ್ಕೆ ಅವರು ಕೊಟ್ಟ ಉದಾಹರಣೆ ಸುಂದರವಾಗಿದೆ. ಮಂಜನ್ನೇ ಕಾಣದ ನಾಡಿನ ಬದೂಯಿಯೊಬ್ಬ ತಣ್ಣನೆಯ ಪ್ರದೇಶಕ್ಕೆ ಬರುತ್ತಾನೆ. ಎದುರಿಗೆ ದಟ್ಟ ಮಂಜು. ಅದು ದಾಟಲಾಗದ ಗೋಡೆಯೆಂದು ತಿಳಿದು ಹೆದರುತ್ತಾನೆ. ಒಳಹೊಕ್ಕ ಮೇಲೆ ತಿಳಿಯುತ್ತದೆ, ತಾನು ಉಸಿರಾಡುತ್ತಿದ್ದ ಗಾಳಿಯೇ ಇದು, ಸ್ವಲ್ಪ ತೇವ ಹೆಚ್ಚು ಅಷ್ಟೆ. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಬೆಳಗಿನ ಬಸ್ಸಿನಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗೆ ಬರೆದವರಿಗೆ ಜೈಹೂನ್‌ನ ನೀರು ಮಂಜಾಗಿ ಕಾಣಲಿಲ್ಲ ಎಂಬುದು ಬೇರೆ ಮಾತು. ನದಿಯಲ್ಲಿ ಮುಳುಗಿ ಸಾಯುವವರಿದ್ದಾರೆ, ಮಂಜಿನಲ್ಲಿ ಯಾರೂ ಮುಳುಗುವುದಿಲ್ಲ.

ವಸ್‌ವಾಸ್ ಕುರಿತು ಅವರು ಬರೆದದ್ದು ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು. ವುಝೂ ಸರಿಯಾಗಿಲ್ಲವೆಂದು ಹತ್ತು ಸಲ ಕೈ ತೊಳೆಯುವವರನ್ನು, ನಿಯ್ಯತ್ ಸರಿಹೋಗಲಿಲ್ಲವೆಂದು ನಮಾಝನ್ನು ಮತ್ತೆ ಮತ್ತೆ ಆರಂಭಿಸುವವರನ್ನು ನೀವು ಕಂಡಿರಬಹುದು. ಜನರು ಇದನ್ನು ಶೈತಾನನ ಕೆಲಸವೆನ್ನುತ್ತಾರೆ, ವೈದ್ಯರು ಪಿತ್ತದ ದೋಷವೆನ್ನುತ್ತಾರೆ ಎಂದು ಎರಡೂ ಅಭಿಪ್ರಾಯಗಳನ್ನು ದಾಖಲಿಸಿದ ಅಬೂ ಝೈದ್, ಅಂಥವರಿಗೆ ಒಂಟಿತನ ಒಳ್ಳೆಯದಲ್ಲ, ಖಾಲಿ ಕೂರುವುದು ಒಳ್ಳೆಯದಲ್ಲ ಎಂದು ಸಲಹೆಯತ್ತ ತಿರುಗಿದರು. ಇನ್ನೊಬ್ಬರ ಹಿತವಚನ ಕೇಳಬೇಕು, ಏಕೆಂದರೆ ಮನುಷ್ಯನು ತನ್ನ ಮಾತಿಗಿಂತ ಬೇರೆಯವರ ಮಾತನ್ನು ಬೇಗ ಸ್ವೀಕರಿಸುತ್ತಾನೆ. ವೈದ್ಯನೂ ತನಗೆ ಕಾಯಿಲೆ ಬಂದರೆ ಇನ್ನೊಬ್ಬ ವೈದ್ಯನ ಬಳಿಗೆ ಹೋಗುವುದಿಲ್ಲವೇ? ನಮ್ಮ ಓದುಗರಲ್ಲಿ ಯಾರಾದರೂ ಇಂಥ ತೊಳಲಾಟದಲ್ಲಿದ್ದರೆ ಉಸ್ತಾದರ ಬಳಿ ದುಆ ಮಾಡಿಸಿಕೊಳ್ಳುವುದರ ಜೊತೆಗೆ ವೈದ್ಯರನ್ನೂ ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕೊನೆಯ ವರ್ಷಗಳಲ್ಲಿ ಅಬೂ ಝೈದ್ ಹುಟ್ಟೂರು ಶಾಮಿಸ್ತಿಯಾನ್‌ನಲ್ಲಿ ಜಮೀನು ಮಾಡಿಕೊಂಡಿದ್ದರು. ಹಿಜರಿ 322ರಲ್ಲಿ, ಕ್ರಿ.ಶ. 934ರಲ್ಲಿ ನಿಧನರಾದರು. ಆಗ ಅವರಿಗೆ 87 ಚಾಂದ್ರ ವರ್ಷಗಳ ಆಸುಪಾಸು. ಅವರ ಕೃತಿಗಳಲ್ಲಿ ಹೆಚ್ಚಿನವು ಕಳೆದುಹೋಗಿವೆ. ಮಸಾಲಿಹ್‌ನ ಹಸ್ತಪ್ರತಿಗಳು ಇಸ್ತಾಂಬುಲಿನ ಅಯಾಸೋಫಿಯಾ ಸಂಗ್ರಹದಲ್ಲಿ ಉಳಿದುಕೊಂಡವು. ತುರ್ಕಿಯ ಇತಿಹಾಸಕಾರ ಫುಆದ್ ಸೆಝ್ಗಿನ್ 1984ರಲ್ಲಿ ಅದರ ಯಥಾಪ್ರತಿಯನ್ನು ಫ್ರಾಂಕ್‌ಫರ್ಟಿನಿಂದ ಮುದ್ರಿಸಿದರು. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ ಮನಸ್ಸಿನ ಭಾಗವನ್ನು ಇಂಗ್ಲಿಷಿಗೆ ತಂದರು, ಅದು 2013ರಲ್ಲಿ ಪ್ರಕಟವಾಯಿತು. ಬದ್ರಿಯವರು 2021ರಲ್ಲಿ ತೀರಿಕೊಂಡರು. ಎಂಟೇ ಅಧ್ಯಾಯಗಳ ಚಿಕ್ಕ ಪುಸ್ತಕ ಅದು. ಪದವಿ ತರಗತಿಯ ವಿದ್ಯಾರ್ಥಿ ನಾಲ್ಕು ಸಂಜೆಗಳಲ್ಲಿ ಓದಿ ಮುಗಿಸಬಹುದು. ಸಂಘದ ಗ್ರಂಥಾಲಯಕ್ಕೆ ಒಂದು ಪ್ರತಿ ತರಿಸುವ ವಿಚಾರವನ್ನು ಪದಾಧಿಕಾರಿಗಳು ಪರಿಗಣಿಸುವರೆಂದು ನಂಬುತ್ತೇನೆ.